ಸೂರ್ಯನ ಜೊತೆ ಹೋಗುವ ವಿಮಾನ

ಜೈನಪೇಟೆ, ಮೂಡುಬಿದಿರೆ
೧೦ ಮಾರ್ಚ್ ೨೦೨೪

ಪ್ರೀತಿಯ ತ್ರಿಶಾ,

ಶಾರ್ಜಾದ ಟಿಕೆಟ್ ಆಫೀಸಿನಲ್ಲಿ ಅಕ್ಕನ ಮಗಳು ಕೂತಿರುವಾಗ ನಾನು ಬೆಳ್ತಂಗಡಿ, ಬಂಟ್ವಾಳದಲ್ಲೆಲ್ಲ ವಿಮಾನದ ವಿಷಯ ವಿಚಾರಿಸುತ್ತ ತಿರುಗಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮ ಮನೆಗೆ ಫೋನ್ ಬಂದರೆ ನಿನ್ನ ಚಿಕ್ಕಪ್ಪ ಸ್ಪೀಕರ್ ಹಾಕಿಸುತ್ತಾರೆ, ಆಮೇಲೆ ಮಾತೆಲ್ಲ ಅವರದ್ದೇ. ಇಮೇಲ್ ತೆರೆಯಲು ಅವರಿಗೆ ಬರುವುದಿಲ್ಲ. ಅದೂ ಅಲ್ಲದೆ, ಮೂವತ್ತು ವರ್ಷ ಮಕ್ಕಳಿಂದ ಪತ್ರಲೇಖನ ಬರೆಸಿದ ಟೀಚರಿಗೆ ಬರೆಯುವುದೇ ಸುಲಭ.

ವಿಷಯ ಏನೆಂದರೆ, ಮೇ ತಿಂಗಳಲ್ಲಿ ನಾವಿಬ್ಬರೂ ಸ್ವಿಟ್ಜರ್ಲೆಂಡಿಗೆ ಹೊರಟಿದ್ದೇವೆ. ನಗಬೇಡ. ಅಡಿಕೆ, ಕಾಳುಮೆಣಸಿನ ಅಂಗಡಿ ಬಿಟ್ಟು ಹತ್ತು ದಿನ ಎಲ್ಲಿಗೂ ಹೋಗದ ಮನುಷ್ಯ ಒಪ್ಪಿದ್ದಾರೆ. ಅವರ ಮನಸ್ಸು ಬದಲಾಗುವ ಮೊದಲು ಟಿಕೆಟ್ ಆಗಬೇಕು.

ಹೋಗುವುದಕ್ಕೆ ಎರಡು ದಾರಿ ಉಂಟು. ಬೆಳ್ತಂಗಡಿಯ ಜಯಪ್ರಕಾಶ್ ಎಂಬವನು ಜೈನ ಕುಟುಂಬಗಳಿಗೆಂದೇ ಒಂದು ಇಡೀ ವಿಮಾನವನ್ನು ಬಾಡಿಗೆಗೆ ಹಿಡಿದಿದ್ದಾನೆ. ಮದುವೆಗೆ ಬಸ್ಸು ಹಿಡಿದ ಹಾಗೆ. ಅದಕ್ಕೆ ಚಾರ್ಟರ್ ಎನ್ನುತ್ತಾರಂತೆ. ನೂರೆಂಬತ್ತು ಜನ, ಈರುಳ್ಳಿ ಬಟಾಟೆ ಇಲ್ಲದ ಅಡುಗೆ. ಬೆಳಿಗ್ಗೆ ಏಳಕ್ಕೆ ಬೆಂಗಳೂರು ಬಿಟ್ಟರೆ ಅಲ್ಲಿಯ ಮಧ್ಯಾಹ್ನ ಒಂದೂವರೆಗೆ ಜ್ಯೂರಿಕ್. “ಅಕ್ಕಾ, ಸೂರ್ಯ ಹೋಗುವ ದಿಕ್ಕಿಗೇ ನಾವೂ ಹೋಗುವುದು. ದಾರಿಯಿಡೀ ಹಗಲೇ” ಎನ್ನುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅವನ ವಿಮಾನ ಅವನಿಗೆ ಚಂದ. ಇನ್ನೊಂದು ದಾರಿ, ದಿನಾ ಹಾರುವ ದೊಡ್ಡ ಕಂಪನಿಯ ವಿಮಾನ. ಅದು ಗಲ್ಫಿನಲ್ಲಿ ಇಳಿಸಿ, ಕೂರಿಸಿ, ಮತ್ತೆ ಹತ್ತಿಸಿ, ರಾತ್ರಿಯಿಡೀ ಹಾರುತ್ತದೆ.

ನಮಗಿಬ್ಬರಿಗೂ ಹೊತ್ತು ಮುಳುಗಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ ಎಂದು ನಿನಗೆ ಗೊತ್ತು. ಮಿಜಾರಿನ ಕಾಲೇಜಿಗೆ ನಾಲ್ಕು ವರ್ಷ ನಮ್ಮ ಮನೆಯಿಂದಲೇ ಹೋದವಳು, ಸಂಜೆ ಆರಕ್ಕೆ ಗಂಜಿ ಉಣ್ಣಬೇಕಲ್ಲ ಎಂದು ಮುಖ ಉಬ್ಬಿಸಿದವಳು ನೀನು. ಯಾವುದರಲ್ಲಿ ಹೋಗುವುದು, ಹೇಳು.

ನಿನ್ನ ಚಿಕ್ಕಮ್ಮ,
ಕಮಲಾವತಿ


ಶಾರ್ಜಾ
೧೩ ಮಾರ್ಚ್ ೨೦೨೪

ಪ್ರೀತಿಯ ಚಿಕ್ಕಮ್ಮ,

ಸ್ವಿಟ್ಜರ್ಲೆಂಡ್! ಆಫೀಸಿನಲ್ಲಿ ಖದೀಜಳಿಗೆ ಹೇಳಿದೆ, “ನಿನ್ನ ಚಿಕ್ಕಮ್ಮನಿಗೆ ನನ್ನಮ್ಮನನ್ನೂ ಕರ್ಕೊಂಡು ಹೋಗ್ಲಿಕ್ಕೆ ಹೇಳು ಮಾರಾಯ್ತಿ” ಎಂದಳು.

ಕೆಲಸದ ಮಾತು ಹೇಳುತ್ತೇನೆ. ದಿನಾ ಹಾರುವ ವಿಮಾನದಲ್ಲೇ ಹೋಗಿ. ಆ ಕಂಪನಿಗೆ ನೂರಾರು ವಿಮಾನ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ತರುತ್ತಾರೆ, ಇಲ್ಲವಾದರೆ ಬೇರೆ ಕಂಪನಿಯದ್ದರಲ್ಲಾದರೂ ಕೂರಿಸುತ್ತಾರೆ. ಚಾರ್ಟರ್ ಹಾಗಲ್ಲ. ಒಂದೇ ವಿಮಾನ, ಒಂದೇ ಪೈಲಟ್ ತಂಡ. ಅದು ಕೈಕೊಟ್ಟರೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ಜಯಪ್ರಕಾಶ್ ಕೊಟ್ಟ ಕಾಗದದಲ್ಲಿ ಹೊರಡುವ ಹೊತ್ತಿನ ಪಕ್ಕ ಸಣ್ಣ ಅಕ್ಷರದಲ್ಲಿ ‘ಅಂದಾಜು’ ಎಂದು ಇರುತ್ತದೆ. ಕನ್ನಡಕ ಹಾಕಿ ನೋಡಿ. ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಲ್ಲ ಸರಿಯಾದರೆ ಚಾರ್ಟರಿನಷ್ಟು ಸುಖ ಇಲ್ಲ. ನೇರ ಹೋಗಬಹುದು, ಎಲ್ಲ ನಮ್ಮವರೇ. ಸರಿಯಾಗದಿದ್ದರೆ ಮಾತ್ರ ಕೇಳುವವರಿಲ್ಲ.

ದೊಡ್ಡ ವಿಮಾನದಲ್ಲೂ ಜೈನ ಊಟ ಸಿಗುತ್ತದೆ. ಟಿಕೆಟ್ ಮಾಡುವಾಗಲೇ ಬರೆಸಿದರೆ ಆಯಿತು. ಹೌದು, ಅದು ರಾತ್ರಿ ಹೊತ್ತಿಗೆ ಬರುತ್ತದೆ. ನಿಮಗೆ ಬೆಳಗಿನ ತನಕ ಕಾಯುವುದು ಕಷ್ಟವಾಗದಿದ್ದರೆ ಸಾಕು. ಚಿಕ್ಕಪ್ಪನ ಊಟದ ಚಿಂತೆ ಅಷ್ಟು ಮಾಡಬೇಡಿ. ಅವರು ಹೇಗಾದರೂ ಸುಧಾರಿಸಿಕೊಳ್ಳುತ್ತಾರೆ.

ನಿಮ್ಮ,
ತ್ರಿಶಾ


ಮೂಡುಬಿದಿರೆ
೧೭ ಮಾರ್ಚ್ ೨೦೨೪

ತ್ರಿಶಾ,

‘ಹೇಗಾದರೂ ಸುಧಾರಿಸಿಕೊಳ್ಳುತ್ತಾರೆ.’ ಈ ಮಾತು ಓದಿ ನನಗೆ ಬೇಸರವಾಯಿತು. ನಿನಗೆ ಹೇಳದ ಒಂದು ವಿಷಯ ಉಂಟು, ಈಗ ಹೇಳುತ್ತೇನೆ. ನಿನ್ನ ಅಮ್ಮನಿಗೂ ಗೊತ್ತಿಲ್ಲ.

ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ವಿಟ್ಲದಲ್ಲಿ ಅಡಿಕೆ ತೂಗಿಸುತ್ತಿದ್ದಾಗ ತಲೆ ತಿರುಗಿ ಬಿದ್ದರು. ನನಗೆ ಗೊತ್ತಾದದ್ದು ಅವತ್ತೇ. ಡಾಕ್ಟ್ರು ನನ್ನೆದುರಿಗೇ ಹೇಳಿದ್ದಾರೆ, ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಪ್ರಾಣಕ್ಕೇ ಅಪಾಯ ಎಂದು. ಮನೆಯಲ್ಲಾದರೆ ನಾನು ಸಂಜೆ ಆರೂವರೆಯ ತನಕ ಕಾದು, ಸೂರ್ಯ ಮುಳುಗುವ ಐದು ನಿಮಿಷ ಮೊದಲು ಹೊಟ್ಟೆ ತುಂಬ ಬಡಿಸುತ್ತೇನೆ. ಬೆಳಿಗ್ಗೆ ಹೊತ್ತು ಮೂಡುವಾಗ ದೋಸೆ ತಟ್ಟೆಯಲ್ಲಿರುತ್ತದೆ. ನಿನ್ನ ದೊಡ್ಡ ವಿಮಾನದಲ್ಲಿ ಪಡುವಣಕ್ಕೆ ಹೋಗುತ್ತ ಹೋಗುತ್ತ ರಾತ್ರಿ ಉದ್ದವಾಗುತ್ತದೆ. ನಾನು ಲೆಕ್ಕ ಹಾಕಿದೆ. ಇಲ್ಲಿ ಉಂಡ ಮೇಲೆ ಅಲ್ಲಿ ಇಳಿದು ತಿಂಡಿ ಕಾಣುವಾಗ ಹದಿನಾರು ಗಂಟೆ.

ಅವರು ವ್ರತ ಬಿಡುವ ಜನ ಅಲ್ಲ. ಎರಡು ಸಾವಿರದ ಇಸವಿಯಲ್ಲಿ ವೇಣೂರಿನ ಮಸ್ತಕಾಭಿಷೇಕಕ್ಕೆ ಹೋಗಿದ್ದಾಗ ಒಬ್ಬರು ಮುನಿಗಳು ಸಭೆಯಲ್ಲಿ ಕೇಳಿದರು, ರಾತ್ರಿ ಊಟ ಬಿಡುವವರು ಕೈ ಎತ್ತಿ ಎಂದು. ಇವರು ಎತ್ತಿದರು. ಅದನ್ನು ನೋಡಿ ನಾನೂ ಎತ್ತಿದೆ. ಇಪ್ಪತ್ತನಾಲ್ಕು ವರ್ಷವಾಯಿತು. ಅವರ ವ್ರತ ಕೆಡಬಾರದು, ಅವರ ಜೀವಕ್ಕೂ ಏನೂ ಆಗಬಾರದು. ಎರಡೂ ಉಳಿಯುವುದು ಹಗಲಿನ ವಿಮಾನದಲ್ಲಿ ಮಾತ್ರ. ಜಯಪ್ರಕಾಶನಿಗೆ ಹೂಂ ಎಂದಿದ್ದೇನೆ.

ಕಮಲಾವತಿ


ಶಾರ್ಜಾ
೨ ಏಪ್ರಿಲ್ ೨೦೨೪

ಪ್ರೀತಿಯ ಚಿಕ್ಕಮ್ಮ,

ಎರಡು ವಾರ ಉತ್ತರ ಬರೆಯಲಿಲ್ಲ. ಬರೆದದ್ದನ್ನು ಮೂರು ಸಲ ಅಳಿಸಿದೆ.

ಹೂಂ ಎಂದಾಗಿದ್ದರೆ ಆಯಿತು. ಒಂದು ಮಾತು ಮಾತ್ರ. ಹೊರಡುವ ಮೊದಲು ಚಿಕ್ಕಪ್ಪನ ಹತ್ತಿರ ಒಮ್ಮೆ ಕೂತು ಕೇಳಿ, ವಿಮಾನ ತಡವಾದರೆ ಏನು ಮಾಡ್ತೀರಿ ಎಂದು. ನೀವೇ ಉತ್ತರ ಹೇಳಬೇಡಿ, ಅವರೇ ಹೇಳಲಿ. ನಿಮ್ಮ ಇಬ್ಬರ ಮಧ್ಯೆ ಮಾತಾಡುವಷ್ಟು ದೊಡ್ಡವಳು ನಾನಲ್ಲ. ಕೇಳಿ ಎಂದು ಮಾತ್ರ ಹೇಳಬಲ್ಲೆ.

ಕೈಚೀಲದಲ್ಲಿ ಗ್ಲೂಕೋಸ್ ಇರಲಿ. ಬಾಳೆಹಣ್ಣು ಇರಲಿ.

ತ್ರಿಶಾ


ಮೂಡುಬಿದಿರೆ
೧೨ ಮೇ ೨೦೨೪

ಮಗಾ,

ನಾಳೆ ಸಂಜೆಯ ಬಸ್ಸಿಗೆ ಬೆಂಗಳೂರು, ನಾಡಿದ್ದು ಬೆಳಿಗ್ಗೆ ವಿಮಾನ. ಚಕ್ಕುಲಿ, ಅವಲಕ್ಕಿ, ಒಣಗಿಸಿದ ಬಾಳೆಹಣ್ಣು ಎಲ್ಲ ಕಟ್ಟಿಯಾಯಿತು. ಸ್ವೆಟರಿಗಿಂತ ಡಬ್ಬಿಗಳೇ ಜಾಸ್ತಿ.

ನೀನು ಹೇಳಿದ ಹಾಗೆ ಕೇಳಿದೆ. “ತಡ ಆದ್ರೆ ಏನು ಮಾಡ್ತೀರಿ?” ಎಂದೆ. ಪೇಪರಿನಿಂದ ತಲೆ ಎತ್ತದೆ “ಆಗುವುದಿಲ್ಲ ಬಿಡು” ಎಂದರು. ಆಮೇಲೆ ಪೇಪರ್ ಮಡಚಿಟ್ಟರು. ಏನೋ ಹೇಳಲಿಕ್ಕುಂಟು ಎನ್ನುವ ಹಾಗೆ ಬಾಯಿ ತೆರೆದು, “ಕೊಡೆ ಬೇಕಾ ಅಲ್ಲಿಗೆ?” ಎಂದು ಕೇಳಿದರು. ಪಾಪ, ವ್ರತ ಕೆಡುತ್ತದೆಂಬ ಭಯ ಇವರಿಗೂ ಉಂಟು, ತೋರಿಸಿಕೊಳ್ಳುವುದಿಲ್ಲ. ಇವರನ್ನು ಈ ಹೆದರಿಕೆಯಿಂದ ಪಾರುಮಾಡಲಿಕ್ಕಾದರೂ ನಾನು ಸರಿಯಾದ ವಿಮಾನವನ್ನೇ ಆರಿಸಿದ್ದೇನೆ. ಈ ಸಲ ನಿನ್ನ ಕಲಿಕೆಗಿಂತ ನನ್ನ ಲೆಕ್ಕವೇ ಸರಿ, ಒಪ್ಪಿಕೋ.

ಕಮಲಾವತಿ


ಲುಸರ್ನ್
೧೬ ಮೇ ೨೦೨೪

ತ್ರಿಶಾ,

ಏನು ಬರೆಯಬೇಕೆಂದು ಗೊತ್ತಾಗುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹದಿನಾಲ್ಕರ ಬೆಳಿಗ್ಗೆ ಆರೂವರೆಗೆ ನಮ್ಮನ್ನು ವಿಮಾನದಲ್ಲಿ ಕೂರಿಸಿದರು. ಎರಡು ಗಂಟೆ ಬಾಗಿಲು ಹಾಕಿ ಕೂರಿಸಿ ಮತ್ತೆ ಇಳಿಸಿದರು. ಯಾವುದೋ ಬಿಡಿಭಾಗ ಮುಂಬೈಯಿಂದ ಬರಬೇಕಂತೆ. ಪಕ್ಕದಲ್ಲೇ ಬೇರೆ ಬೇರೆ ಕಂಪನಿಯ ವಿಮಾನಗಳು ಒಂದರ ಹಿಂದೆ ಒಂದು ಹಾರುತ್ತಿದ್ದವು. ನಮ್ಮದು ಒಂದೇ, ಅದು ನಿಂತಿತ್ತು. ನೀನು ಬರೆದದ್ದು ಅಕ್ಷರಶಃ ನಿಜವಾಯಿತು. ಮಧ್ಯಾಹ್ನ ಎರಡರ ತನಕ ಮನೆಯಿಂದ ತಂದ ಡಬ್ಬಿಯದ್ದನ್ನು ತಿಂದೆವು. ಸಂಜೆ ಐದಕ್ಕೆ ಜಯಪ್ರಕಾಶ್ ಬಂದು, “ಈಗ ಹತ್ತುವ, ಊಟ ಒಳಗೇ ಉಂಟು, ಹೊತ್ತು ಮುಳುಗುವ ಮೊದಲು ಬಡಿಸ್ತಾರೆ” ಎಂದ. ಉಳಿದ ಡಬ್ಬಿಗಳನ್ನು ಎಲ್ಲರೂ ಚೀಲಕ್ಕೆ ತುಂಬಿದೆವು. ವಿಮಾನ ಏಳುವಾಗ ಆರೂಕಾಲು ದಾಟಿತ್ತು.

ಊಟದ ಗಾಡಿ ಮುಂದಿನಿಂದ ಹೊರಟಿತು. ನಾವು ಮೂವತ್ತನೇ ಸಾಲು. ಆಗ ನಡೆದ ಚರ್ಚೆ ನೀನು ನೋಡಬೇಕಿತ್ತು. ಎಡಗಡೆ ಕಿಟಕಿಯವರು “ಸೂರ್ಯ ಇನ್ನೂ ಉಂಟು, ಬೇಗ ತಿನ್ನಿ, ಬೇಗ ತಿನ್ನಿ” ಎನ್ನುತ್ತಾರೆ. ಬಲಗಡೆಯವರು ಹೊರಗೆ ಕತ್ತಲೆ ನೋಡಿ ಕೈಕಟ್ಟಿ ಕೂತಿದ್ದಾರೆ. ಒಬ್ಬ ಅಜ್ಜ, ನೆಲದ ಮೇಲೆ ಮುಳುಗಿದರೆ ಮುಳುಗಿದ ಹಾಗೆಯೇ ಎಂದರು. ಇನ್ನೊಬ್ಬರು, ನಾವು ನೆಲದ ಮೇಲೆ ಎಲ್ಲಿದ್ದೇವೆ ಎಂದರು. ಗಾಡಿ ಹದಿನೆಂಟನೇ ಸಾಲಿನಲ್ಲಿ ಸಿಕ್ಕಿಬಿತ್ತು. ಅದು ನಮ್ಮ ಹತ್ತಿರ ಮುಟ್ಟುವಾಗ ಎಡಗಡೆಯೂ ಕಪ್ಪಾಗಿತ್ತು.

ಇವರ ಹಣೆಯಲ್ಲಿ ಬೆವರು, ಬೆರಳು ನಡುಗುತ್ತಿತ್ತು. ಐದು ಗಂಟೆಗೇ ಮಾತ್ರೆ ನುಂಗಿದ್ದರು. “ಔಷಧಿ ಅಂತ ತಿಳ್ಕೊಂಡು ತಿನ್ನಿ, ದೋಷ ನನಗೆ ಇರ್ಲಿ” ಎಂದು ಹೇಳುವುದೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ಅವರು ಒಪ್ಪದಿದ್ದರೆ ಕಾಲು ಹಿಡಿಯುವವಳಿದ್ದೆ, ತ್ರಿಶಾ. ನೂರೆಂಬತ್ತು ಜನರ ಮುಂದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ವಿಮಾನದ ಊಟದ ಬೆಳ್ಳಿ ಕಾಗದ ಸುಲಿದು ಚಪಾತಿ ಹರಿದು ಬಾಯಿಗೆ ಹಾಕಿಕೊಂಡಾಗಿತ್ತು. ಕಣ್ಣು ಮುಚ್ಚಲಿಲ್ಲ, ಒಂದು ಮಂತ್ರ ಹೇಳಲಿಲ್ಲ. ಎರಡನೇ ತುತ್ತಿಗೆ ಊಟ ಬಡಿಸುವ ಹುಡುಗಿಯ ಹತ್ತಿರ “ಉಪ್ಪಿನಕಾಯಿ ಇಲ್ವಾ?” ಎಂದು ಕೇಳಿದರು.

ಸಕ್ಕರೆ ಇಳಿದು ಇವರಿಗೆ ಬುದ್ಧಿ ತಪ್ಪಿತು ಎಂದುಕೊಂಡೆ. “ಹೊತ್ತು ಮುಳುಗಿತು, ಗೊತ್ತುಂಟಾ ನಿಮಗೆ?” ಎಂದೆ.

“ಗೊತ್ತುಂಟು ಕಮಲಾ. ಇದು ಹೊಸತಲ್ಲ. ಎಂಟು ವರ್ಷ ಆಯ್ತು.”

ಎಂಟು ವರ್ಷ! ಕಾಯಿಲೆ ಶುರುವಾದದ್ದೇ ಆಗಂತೆ. ರಾತ್ರಿ ಮಲಗುವ ಮೊದಲು ಏನಾದರೂ ತಿನ್ನಲೇಬೇಕು ಎಂದು ಡಾಕ್ಟ್ರು ಹೇಳಿದ್ದರಂತೆ. ಅಂಗಡಿಯ ಮೇಜಿನಲ್ಲಿ ಬಿಸ್ಕತ್ತು, ವಿಟ್ಲದಿಂದ ಬರುವಾಗ ಹೋಟೆಲು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ನಾನೇ ಆ ಬುಡದಲ್ಲಿ ಕೂತಿದ್ದೆ. ನಿನ್ನ ಅಕ್ಕನ ಮದುವೆ ನೆನಪುಂಟಾ, ಬಂಟ್ವಾಳದ ಹಾಲಿನಲ್ಲಿ ರಾತ್ರಿಯ ರಿಸೆಪ್ಶನ್? ಎಲ್ಲರೂ ಉಣ್ಣುವಾಗ ನಾನು ಒಂದು ಲೋಟ ನೀರು ಹಿಡಿದು ಕೂತಿದ್ದೆ, ಇವರಿಗೆ ಒಬ್ಬರಾದರೂ ಜೊತೆ ಇರಲಿ ಎಂದು. ಇವರು ಫೋನ್ ಬಂತೆಂದು ಎದ್ದುಹೋದವರು ಅಡುಗೆಯವರ ಜೊತೆ ಕೂತು ಉಂಡು ಬಂದಿದ್ದರಂತೆ.

“ಹೇಳ್ಲಿಕ್ಕೆ ಆಗ್ಲಿಲ್ಲ. ನೀನು ಅಷ್ಟು ನಿಷ್ಠೆಯಲ್ಲಿ ಮಾಡ್ತಿದ್ದಿ. ನಿನ್ನಿಂದಾಗಿ ಅಲ್ವಾ ನಾನು ವ್ರತ ಹಿಡಿದದ್ದು?” ಎಂದರು.

“ನನ್ನಿಂದಾಗಿಯಾ? ವೇಣೂರಿನಲ್ಲಿ ಮೊದಲು ಕೈ ಎತ್ತಿದ್ದು ಯಾರು?”

“ನೀನು. ನಿನ್ನ ಕೈ ಮೇಲೆ ಹೋದದ್ದು ನೋಡಿ ನಾನು ಎತ್ತಿದೆ.”

ಆಗ ನಾನು ಇನ್ನೂ ಕೈ ಎತ್ತಿರಲಿಲ್ಲ, ಮಗಾ. ಮುನಿಗಳ ಮುಂದೆ ಸೆರಗು ಜಾರಿತೆಂದು ತಲೆಯ ಮೇಲೆ ಎಳೆದುಕೊಂಡಿದ್ದೆ.

ನನ್ನ ತವರಿನಲ್ಲಿ ರಾತ್ರಿ ಒಂಬತ್ತಕ್ಕೆ ಊಟ. ಬಿಸಿ ಅನ್ನ, ಸಾರು, ಹುರಿದ ಹಪ್ಪಳ, ಅಪ್ಪನ ತಮಾಷೆ. ಅದು ನನಗೆ ಎಷ್ಟು ಇಷ್ಟವಿತ್ತೆಂದು ಯಾರಿಗೂ ಹೇಳಿಲ್ಲ. ಪಿತ್ತಕೋಶದ ಕಲ್ಲಿನ ನೋವಿನಲ್ಲೂ ರಾತ್ರಿ ಒಂದು ಹನಿ ಗಂಜಿ ಮುಟ್ಟಲಿಲ್ಲ. ಈ ಇಪ್ಪತ್ತನಾಲ್ಕು ವರ್ಷ ಯಾರ ವ್ರತ ಇದು? ನನ್ನದಲ್ಲ, ಅವರದ್ದೂ ಅಲ್ಲ.

ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ನಮ್ಮ ಗುಂಪಿನವರು ಎಂಟೂವರೆಗೆ ಊಟ ಮಾಡಿ ನಗಾಡುತ್ತಾರೆ. ನಾನು ಅರ್ಧ ತಟ್ಟೆ ಬಿಟ್ಟು ಏಳುತ್ತೇನೆ. ಬೇರೆ ಯಾರಿಗೂ ಗೊತ್ತಿಲ್ಲ. ಜಗತ್ತಿನಲ್ಲಿ ನಿನಗೊಬ್ಬಳಿಗೆ ಹೇಳಿದ್ದೇನೆ.

ಕಮಲಾವತಿ


ಶಾರ್ಜಾ
೧೭ ಮೇ ೨೦೨೪

ಚಿಕ್ಕಮ್ಮ,

‘ನಿನಗೊಬ್ಬಳಿಗೆ’ ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗುವುದಿಲ್ಲ. ನನಗೆ ಗೊತ್ತಿತ್ತು.

ಎರಡು ಸಾವಿರದ ಹದಿನೇಳು. ಕಾಲೇಜಿನ ತ್ರೋಬಾಲ್ ಮುಗಿಸಿ ಪುತ್ತೂರಿನಿಂದ ಬರುವಾಗ ನಮ್ಮ ಬಸ್ಸು ಕಲ್ಲಡ್ಕದಲ್ಲಿ ಚಹಾಕ್ಕೆ ನಿಂತಿತು. ಗಂಟೆ ಎಂಟು ಆಗಿತ್ತು. ಒಳಗೆ ಮೂಲೆಯ ಮೇಜಿನಲ್ಲಿ ಚಿಕ್ಕಪ್ಪ ಚಪಾತಿ, ಕಡ್ಲೆ ಪಲ್ಯ ತಿನ್ನುತ್ತಿದ್ದರು. ನನ್ನನ್ನು ನೋಡಿ ಅವರ ಮುಖದ ಬಣ್ಣವೇ ಹೋಯಿತು. “ಚಿಕ್ಕಮ್ಮನಿಗೆ ಹೇಳ್ಬೇಡ ಮಗಾ, ಅವಳ ಮನಸ್ಸು ಮುರಿದುಹೋಗ್ತದೆ” ಎಂದರು. ಅಷ್ಟು ದೊಡ್ಡ ಮನುಷ್ಯ ನನ್ನೆದುರು ಕೈಮುಗಿದರು, ಚಿಕ್ಕಮ್ಮ. ನನಗೆ ಹತ್ತೊಂಬತ್ತು ವರ್ಷ. ಹೂಂ ಎಂದೆ. ಕಾಯಿಲೆಯ ವಿಷಯ ಅವರು ಹೇಳಲಿಲ್ಲ. ಅದು ನಿಮ್ಮ ಪತ್ರದಿಂದಲೇ ಗೊತ್ತಾದದ್ದು.

ಅವರು ಸುಧಾರಿಸಿಕೊಳ್ಳುತ್ತಾರೆ ಎಂದು ನಾನು ಬರೆದದ್ದು ಅದಕ್ಕೆ. ನಿಮಗೆ ಬೇಸರವಾಯಿತು, ಹಗಲಿನ ವಿಮಾನ ಆರಿಸಿದಿರಿ. ನಿಮ್ಮ ಲೆಕ್ಕ ನಿಂತದ್ದೇ ಒಂದು ಸುಳ್ಳಿನ ಮೇಲೆ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಮೂರು ಸಲ ಅಳಿಸಿದ ಪತ್ರದಲ್ಲಿ ಇದೇ ಇತ್ತು. ಎರಡು ವರ್ಷ ನಿಮ್ಮ ಮನೆಯಲ್ಲಿ ನಿಮ್ಮ ಎದುರಿಗೇ ಕೂತು ಸಂಜೆ ಗಂಜಿ ಉಂಡಿದ್ದೇನೆ, ಹೇಳದೆ.

ಬೈಯಿರಿ. ಉತ್ತರ ಬರೆಯದೆ ಮಾತ್ರ ಇರಬೇಡಿ.

ತ್ರಿಶಾ


ಲುಸರ್ನ್
೧೯ ಮೇ ೨೦೨೪

ತ್ರಿಶಾ,

ಎರಡು ದಿನ ನಿನಗೆ ಬರೆಯಲಿಲ್ಲ. ಅವರದ್ದು ಒಂದು ಪೆಟ್ಟು, ನಿನ್ನದು ಇನ್ನೊಂದು. ಯಾವುದು ಜಾಸ್ತಿ ನೋಯುತ್ತದೆಂದು ಕೇಳಬೇಡ.

ಮನಸ್ಸು ಮುರಿಯಬಾರದು, ಮನಸ್ಸು ಮುರಿಯಬಾರದು. ಎಲ್ಲರಿಗೂ ನನ್ನ ಮನಸ್ಸಿನದ್ದೇ ಚಿಂತೆ. ನನ್ನ ಹೊಟ್ಟೆಯನ್ನು ಒಬ್ಬರೂ ಕೇಳಲಿಲ್ಲ. ಅವರು ತಿಂದದ್ದಕ್ಕೆ ನನಗೆ ಸಿಟ್ಟಿಲ್ಲ. ತಿಂದದ್ದರಿಂದಲೇ ಇವತ್ತು ಬದುಕಿದ್ದಾರೆ. ಹೊಟ್ಟೆ ತುಂಬ ಉಂಡು ಬಂದು, ಖಾಲಿ ಹೊಟ್ಟೆಯ ನನ್ನ ಪಕ್ಕದಲ್ಲಿ ಎಂಟು ವರ್ಷ ಮಲಗಿದರಲ್ಲ, ಅದಕ್ಕೆ ಸಿಟ್ಟು. ನಿನ್ನ ಮೇಲೂ ಉಂಟು. ನಿನ್ನ ಮೇಲಿನದ್ದು ನಾಲ್ಕು ದಿನದಲ್ಲಿ ಇಳಿಯಬಹುದು, ಹತ್ತೊಂಬತ್ತರ ಹುಡುಗಿಯ ತಲೆಯ ಮೇಲೆ ಆ ಭಾರ ಇಟ್ಟವರು ಅವರು.

ಈಗ ಕೆಲಸದ ಮಾತು. ಇಪ್ಪತ್ತಮೂರಕ್ಕೆ ಚಾರ್ಟರ್ ವಾಪಸು ಹೊರಡುತ್ತದೆ. ಅದರಲ್ಲಿ ನಾನು ಬರುವುದಿಲ್ಲ. ದಿನಾ ಹಾರುವ ವಿಮಾನದಲ್ಲಿ, ಇಪ್ಪತ್ತೆರಡಕ್ಕೆ, ಒಂದೇ ಟಿಕೆಟ್ ಮಾಡು. ನಿನ್ನ ಹತ್ತಿರ ಎರಡು ದಿನ ಇದ್ದು ಆಮೇಲೆ ಮಂಗಳೂರು. ಜಯಪ್ರಕಾಶನಿಗೆ ಅಕ್ಕನ ಮಗಳನ್ನು ನೋಡಲಿಕ್ಕೆಂದು ಹೇಳಿದ್ದೇನೆ. ಇವರಿಗೆ ಕಾರಣ ಹೇಳಲಿಲ್ಲ, ಇವರು ಕೇಳಲೂ ಇಲ್ಲ.

ಕಮಲಾವತಿ


ಶಾರ್ಜಾ
೨೦ ಮೇ ೨೦೨೪

ಪ್ರೀತಿಯ ಚಿಕ್ಕಮ್ಮ,

ಟಿಕೆಟ್ ಆಯಿತು. ಇಪ್ಪತ್ತೆರಡರ ರಾತ್ರಿ ಹತ್ತಕ್ಕೆ ಜ್ಯೂರಿಕ್ ಬಿಟ್ಟು ಬೆಳಿಗ್ಗೆ ದುಬೈ. ನಾನೂ ಖದೀಜಳೂ ಕಾರು ತರುತ್ತೇವೆ.

ಎರಡು ವಿಷಯ ಕೇಳಲಿಕ್ಕುಂಟು. ನಿನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ನೀವು ಸರೋವರದ ಕಡೆ ಹೋಗಿದ್ದಿರಂತೆ. ಅದೇ ವಿಮಾನದಲ್ಲಿ ಅವರಿಗೂ ಒಂದು ಸೀಟು ಬೇಕಂತೆ, ನಿಮ್ಮ ಪಕ್ಕದಲ್ಲೇ. “ಅವಳು ಬೇಡ ಅಂದ್ರೆ ಬೇಡ, ಚಾರ್ಟರಿನಲ್ಲೇ ಬರ್ತೇನೆ. ಆದ್ರೆ ಕೇಳಿ ನೋಡು ಮಗಾ” ಎಂದರು. ಈ ಸಲ ನಿಮ್ಮನ್ನು ಕೇಳದೆ ಯಾರಿಗೂ ಹೂಂ ಎನ್ನಲಿಲ್ಲ.

ಇನ್ನೊಂದು, ಆ ವಿಮಾನದಲ್ಲಿ ಊಟ ಬರುವುದು ರಾತ್ರಿ ಹನ್ನೊಂದಕ್ಕೆ. ನಿಮ್ಮ ಹೆಸರಿನ ಮುಂದೆ ಊಟ ಏನೆಂದು ಬರೆಯಲಿ? ಬೇಡ ಎಂದೇ ಬರೆಯಲಾ?

ತ್ರಿಶಾ


ಲುಸರ್ನ್
೨೧ ಮೇ ೨೦೨೪

ತ್ರಿಶಾ,

ಅವರಿಗೆ ಸೀಟು ಕೊಡು. ಪಕ್ಕದ್ದೇ ಕೊಡು. ಒಂದು ಷರತ್ತು ಹೇಳಿದ್ದೇನೆ, ಒಪ್ಪಿದ್ದಾರೆ. ಹನ್ನೊಂದಕ್ಕೆ ಊಟ ಬಂದಾಗ ಫೋನ್ ಬಂತು, ಕಾಲು ಹಿಡಿಯಿತು ಎಂದು ಏಳಬಾರದು. ದೀಪ ಹಾಕಿಕೊಂಡು, ನನ್ನೆದುರಿಗೆ, ನನ್ನ ಮುಖ ನೋಡಿಕೊಂಡು ಪೂರ್ತಿ ಉಣ್ಣಬೇಕು. ಎಂಟು ವರ್ಷದಲ್ಲಿ ನಾನು ಕಾಣದ ಊಟಗಳಲ್ಲಿ ಒಂದನ್ನಾದರೂ ನನಗೆ ಕಾಣಬೇಕು. ಇದನ್ನು ಕೇಳಿ ಅವರು ಅತ್ತರು. ನಾನು ಅಳಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರು ಅತ್ತದ್ದು ನೋಡಿರಲಿಲ್ಲ.

ನನ್ನ ಹೆಸರಿನ ಮುಂದೆ ಜೈನ ಊಟ ಎಂದು ಬರೆ. ಬೇಡ ಎಂದು ಬರೆಯಬೇಡ. ತಟ್ಟೆ ನನ್ನ ಮುಂದೆಯೂ ಬರಲಿ. ಅದರ ಮುಚ್ಚಳ ತೆಗೆಯುತ್ತೇನೋ, ಹಾಗೆಯೇ ವಾಪಸು ಕಳಿಸುತ್ತೇನೋ, ಅದು ನನಗೆ ಗೊತ್ತುಂಟು. ಅವರು ಕೇಳಿದರು, ಹೇಳಲಿಲ್ಲ. ನಿನಗೂ ಹೇಳುವುದಿಲ್ಲ.

ಚಿಕ್ಕಮ್ಮ